ಕೌದಿಯ ನಾಲ್ಕನೆಯ ಮೂಲೆ

ಹೈದರಾಬಾದಿಗೆ ಹೊರಟವರು ಈಗಲೂ ನನಗೆ ಫೋನ್ ಮಾಡುತ್ತಾರೆ. ಸೇಡಂ ಕಾಲೇಜಿನ ವಿದ್ಯಾರ್ಥಿನಿಯರು, ಚಿತ್ತಾಪುರದಲ್ಲಿ ನನ್ನ ಜೊತೆ ಓದಿದವರು, ವಾಡಿಯ ರೈಲ್ವೆ ಕ್ವಾರ್ಟರ್ಸಿನ ಹಳೆಯ ನೆರೆಯವರು. ಹೊಸ ಮ್ಯೂಸಿಯಂಗಳಲ್ಲಿ ಯಾವುದನ್ನು ನೋಡಬೇಕು, ಈ ತಿಂಗಳು ಯಾವ ಕಲಾಪ್ರದರ್ಶನ ನಡೆದಿದೆ, ಟಿಕೆಟ್ ಮೊದಲೇ ತೆಗೆಯಬೇಕೇ, ಮಕ್ಕಳನ್ನು ಒಳಗೆ ಬಿಡುತ್ತಾರೆಯೇ ಎಂದು ಕೇಳುತ್ತಾರೆ. ನಾನು ಹೇಳುತ್ತೇನೆ. ಸೋಮವಾರ ಮುಚ್ಚಿರುತ್ತದೆ, ನೋಡಿಕೊಂಡು ಹೋಗಿ ಎನ್ನುತ್ತೇನೆ. ಇನ್ನು ಕೆಲವರು ಅಲ್ಲಿ ಕೆಲಸಕ್ಕೆ ಸೇರುವುದು ಹೇಗೆ ಎಂದು ಕೇಳುತ್ತಾರೆ. ಅವರಿಗೆ ಹೇಳಬೇಕಾದದ್ದು ಫೋನಿನಲ್ಲಿ ಮುಗಿಯುವಂಥದ್ದಲ್ಲ. ಈ ಬರಹ ಅವರಿಗಾಗಿ.

ನಿವೃತ್ತಿಯ ವಯಸ್ಸು ನನ್ನದಲ್ಲ. ಆದರೆ ಏಳು ವರ್ಷ ಮಾಡಿದ ಆ ಕೆಲಸವನ್ನು ಬಿಟ್ಟು ಬಂದ ಮೇಲೆ ಮತ್ತೆ ಎಲ್ಲಿಯೂ ಅಂಥ ಕೆಲಸಕ್ಕೆ ಅರ್ಜಿ ಹಾಕಿಲ್ಲ, ಹಾಕುವುದೂ ಇಲ್ಲ. ಅಷ್ಟರಮಟ್ಟಿಗೆ ನಾನು ನಿವೃತ್ತಳೇ. ಎಷ್ಟು ಸಲ ಬಡ್ತಿ ಸಿಕ್ಕಿತು, ಯಾವ ಹುದ್ದೆಯಿಂದ ಯಾವ ಹುದ್ದೆಗೆ ಹೋದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ಯಾರಿಗೂ ಬೇಕಿಲ್ಲ.

ಮ್ಯೂಸಿಯಂ ಕೆಲಸವೆಂದರೆ ಚಿತ್ರಗಳ ನಡುವೆ ಓಡಾಡಿಕೊಂಡಿರುವುದು ಎಂದು ನಾನೂ ತಿಳಿದಿದ್ದೆ. ಕಲಬುರಗಿಯಲ್ಲಿ ಇತಿಹಾಸದಲ್ಲಿ ಎಂ.ಎ. ಮುಗಿಸಿ, ಮ್ಯೂಸಿಯಂ ಶಾಸ್ತ್ರದ ಡಿಪ್ಲೊಮಾ ಪಡೆದು, ಹೈದರಾಬಾದಿನ ಪಶ್ಚಿಮಕ್ಕೆ ಆಗಷ್ಟೇ ಎದ್ದಿದ್ದ ಒಂದು ಖಾಸಗಿ ಮ್ಯೂಸಿಯಂ ಸೇರಿದಾಗ ನನ್ನ ಕೈಗೆ ಮೊದಲು ಬಂದದ್ದು ಒಂದು ಬ್ರಷ್ ಮತ್ತು ಒಂದು ಜೊತೆ ಹತ್ತಿಯ ಕೈಗವಸು. ಧೂಳು ಒರೆಸುವುದು, ಕೋಣೆಯ ತೇವ ಎಷ್ಟಿದೆ ಎಂದು ದಿನಕ್ಕೆ ಮೂರು ಸಲ ಬರೆಯುವುದು, ಒಂದು ಬಟ್ಟಲಿನ ಅಂಚಿನಲ್ಲಿ ಎಷ್ಟು ಬಿರುಕುಗಳಿವೆ ಎಂದು ಎಣಿಸಿ ಫಾರ್ಮಿನಲ್ಲಿ ತುಂಬುವುದು. ಈ ಕೆಲಸ ನನಗೆ ಹಿಡಿಸಿತು. ನನಗೆ ಮಾತು ಕಡಿಮೆ, ಕಣ್ಣು ಚುರುಕು. ಕಂಡದ್ದನ್ನು ಕಂಡ ಹಾಗೆ ಬರೆಯುವುದು ಒಳ್ಳೆಯ ಗುಣವೆಂದು ನಂಬಿದ್ದೆ.

ಆಗ ದಾಖಲೆ ವಿಭಾಗದಲ್ಲಿ ಒಬ್ಬ ಹಿರಿಯರಿದ್ದರು. ಸರಕಾರಿ ವಸ್ತುಸಂಗ್ರಹಾಲಯವೊಂದರಿಂದ ನಿವೃತ್ತರಾಗಿ ಇಲ್ಲಿಗೆ ಬಂದಿದ್ದವರು. ದಪ್ಪ ರಟ್ಟಿನ ದಾಖಲೆ ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದರು. ವಸ್ತು ಯಾವುದು ಎನ್ನುವುದಕ್ಕಿಂತ ಮೊದಲು ಕೊಟ್ಟವರು ಯಾರು, ಯಾಕೆ ಕೊಟ್ಟರು, ಯಾವಾಗ ವಾಪಸ್ ಕೊಡಬೇಕು ಎಂದು ಕೇಳುತ್ತಿದ್ದರು. ಫಾರ್ಮು ಇಂಗ್ಲಿಷಿನಲ್ಲಿರುತ್ತಿತ್ತು. ಅದರ ಜೊತೆಗೆ ಕೊಟ್ಟವರ ಭಾಷೆಯಲ್ಲೇ ಇನ್ನೊಂದು ಹಾಳೆ ಬರೆದು, ಇಬ್ಬರ ರುಜು ಹಾಕಿ, ಅವರ ಮನೆಯಲ್ಲೇ ಬಿಟ್ಟು ಬರಬೇಕು ಎಂದು ನನಗೆ ಕಲಿಸಿದವರು ಅವರು. ಎರಡು ವರ್ಷದ ಮೇಲೆ ಅವರ ಪುಸ್ತಕದ ಜಾಗಕ್ಕೆ ಕಂಪ್ಯೂಟರಿನ ತಂತ್ರಾಂಶ ಬಂತು. ಕಾಗದದ ಫಾರ್ಮು ನೋಡಿಕೊಂಡು ಟ್ಯಾಬಿನಲ್ಲಿ ಚೌಕಗಳನ್ನು ಒತ್ತಿದರೆ ಸಾಕು. ಹಿರಿಯರನ್ನು ಹೂಗುಚ್ಛ ಕೊಟ್ಟು ಕಳಿಸಿದರು. ಯಾಕೆ ಕೊಟ್ಟರು ಎಂಬ ಪ್ರಶ್ನೆಗೆ ಆ ತಂತ್ರಾಂಶದಲ್ಲಿ ಚೌಕವೇ ಇರಲಿಲ್ಲ.

ನನ್ನ ಮೊದಲ ತಪ್ಪನ್ನು ಹೇಳಿಬಿಡುತ್ತೇನೆ. ನಮ್ಮ ಕಡೆಯ ಕೆಲಸಗಾರರ ಉಪಕರಣಗಳ ಪ್ರದರ್ಶನಕ್ಕೆಂದು ಶಹಾಬಾದಿನಲ್ಲಿ ಇಮಾಮಸಾಬರೆಂಬ ಹಿರಿಯರಿಂದ ಒಂದು ಸುತ್ತಿಗೆ ತಂದಿದ್ದೆ. ಅವರು ಮೂವತ್ತಕ್ಕೂ ಹೆಚ್ಚು ವರ್ಷ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗಣಿಯಲ್ಲಿ ಪದರ ಬಿಡಿಸಿದವರು. ಸುತ್ತಿಗೆಯ ಹಿಡಿಕೆ ಬೆವರು, ಎಣ್ಣೆ, ಕಲ್ಲಿನ ಪುಡಿ ಕೂಡಿ ಕಪ್ಪಗೆ ಹೊಳೆಯುತ್ತಿತ್ತು. ನಾನು ಅದನ್ನು ಎರಡು ದಿನ ಕೂತು, ಪುಸ್ತಕದಲ್ಲಿ ಹೇಳಿದ ದ್ರಾವಣದಿಂದಲೇ ಒರೆಸಿ ಒರೆಸಿ ಹೊಸ ಕಟ್ಟಿಗೆಯಂತೆ ಮಾಡಿದೆ. ಮೇಲಿನವರು ಬೆನ್ನು ತಟ್ಟಿದರು. ಮಗನನ್ನು ಕರೆದುಕೊಂಡು ಪ್ರದರ್ಶನ ನೋಡಲು ಬಂದ ಇಮಾಮಸಾಬರು ಗಾಜಿನ ಮುಂದೆ ನಿಂತು ತುಂಬಾ ಹೊತ್ತು ನೋಡಿದರು.

"ಬೇಟಿ, ನಂದು ಎಲ್ಲಿ ಇಟ್ಟೀರಿ?"

"ಇದೇ ನಿಮ್ಮದು, ಚಾಚಾ."

"ಇದಾ?" ಎಂದು ಅವರು ನಕ್ಕರು. "ಇದು ಅಂಗಡ್ಯಾಗಿಂದು ಕಂಡಂಗ ಕಾಣ್ಲಿಕತ್ತದ. ಛಲೋ ತೊಳದೀರಿ ಬಿಡ್ರಿ. ನನ್ನನ್ನೂ ಹಿಂಗೇ ತೊಳದು ಕೊಟ್ರ ಇನ್ನೊಂದು ಮದಿವಿ ಆಗ್ತಿದ್ದೆ."

ಮಗ ಅವರನ್ನು ಗದರಿದ. ಅವರು ನಗುತ್ತಲೇ ಹೋದರು. ನನಗೆ ನಗು ಬರಲಿಲ್ಲ. ಅಲ್ಲಿಂದ ಮುಂದೆ ಯಾವ ವಸ್ತುವನ್ನೂ ಕೊಟ್ಟವರನ್ನು ಕೇಳದೆ ಒರೆಸಬಾರದು ಎಂದು ತೀರ್ಮಾನಿಸಿದೆ. ತೀರ್ಮಾನ ನನ್ನದು ಮಾತ್ರವಾಗಿತ್ತು, ಮ್ಯೂಸಿಯಮ್ಮಿನದಾಗಿರಲಿಲ್ಲ. ಇದು ನನಗೆ ಆಮೇಲೆ ಅರ್ಥವಾಯಿತು.

ಆರನೆಯ ವರ್ಷದಲ್ಲಿ ನಮ್ಮ ಮುಖ್ಯ ಕ್ಯುರೇಟರ್ ಒಂದು ದೊಡ್ಡ ಪ್ರದರ್ಶನ ಯೋಜಿಸಿದರು. ಅವರನ್ನು ನಾವೆಲ್ಲ ಮೇಡಂ ಎನ್ನುತ್ತಿದ್ದೆವು, ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಹೊರದೇಶದಲ್ಲಿ ಓದಿದವರು, ಬುದ್ಧಿವಂತರು, ಮಾತು ಮೃದು. ವಿಷಯ, ದಖ್ಖನಿನ ಬಟ್ಟೆಗಳು. ನನ್ನ ಊರಿನ ಕಡೆಯಿಂದ ಒಂದು ಕೌದಿ ಬೇಕೆಂದರು. ಹೊಸದಾಗಿ ಹೊಲಿದದ್ದಿರಬೇಕು, ಬಟ್ಟೆ ಮಾತ್ರ ಹಳೆಯದಿರಬೇಕು.

ನನ್ನ ತಾಯಿಗೆ ಪರಿಚಯದ ಶರಣಮ್ಮ ಎಂಬವರು ಸೇಡಂ ತಾಲ್ಲೂಕಿನಲ್ಲಿ, ಕೋಡ್ಲಾ ದಾಟಿದ ಮೇಲೆ ಬರುವ ಒಂದು ಊರಿನಲ್ಲಿದ್ದಾರೆ. ನಾನು ಅವರನ್ನು ಅತ್ತಿ ಎಂದು ಕರೆಯುತ್ತೇನೆ. ನಾನು ಹೋದ ಮಧ್ಯಾಹ್ನ ಅವರು ಪಡಸಾಲೆಯಲ್ಲಿ ಕೌದಿ ಹರವಿಕೊಂಡು ಕೂತಿದ್ದರು. ಅಷ್ಟು ಚೆಂದದ ಕೌದಿಯನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಅವರ ಅತ್ತೆಯ ಹಸಿರು ಸೀರೆ, ತಾಯಿಯ ಕುಸುಬೆ ಬಣ್ಣದ ಸೀರೆ, ತೀರಿಕೊಂಡ ಗಂಡನ ಧೋತರ, ಮಗಳು ಭಾಗ್ಯಶ್ರೀಯ ಶಾಲೆಯ ನೀಲಿ ಲಂಗ. ಅಕ್ಕಿಕಾಳಿನಷ್ಟು ಸಣ್ಣ ಹೊಲಿಗೆ ಅಂಚಿನಿಂದ ನಡುವಿನತ್ತ ಸುತ್ತಿ ಸುತ್ತಿ ಬಂದಿತ್ತು.

ಭಾಗ್ಯಶ್ರೀ ಆಗ ನಾಲ್ಕು ತಿಂಗಳ ಬಸುರಿ. ಹಿಂದಿನ ಸಲ ಗರ್ಭ ನಿಂತಿರಲಿಲ್ಲ. ಈ ಸಲ ಮಗು ಹುಟ್ಟಿದರೆ ತೊಟ್ಟಿಲಿಗೆ ಹಾಕುವ ದಿನ ಅದರ ಮೇಲೆ ಬೀಳಬೇಕಾದ ಮೊದಲ ಹೊದಿಕೆ ಇದು. ಒಂದು ಮೂಲೆಯನ್ನು ಮಾತ್ರ ಇನ್ನೂ ಮುಚ್ಚಿರಲಿಲ್ಲ.

ನನ್ನ ಕಣ್ಣೆದುರಿಗೇ ಶರಣಮ್ಮ ಎದ್ದು ಒಳಗೆ ಹೋಗಿ ಬೆಳಗಿನ ಜೋಳದ ರೊಟ್ಟಿಯಿಂದ ಹೆಬ್ಬೆರಳಿನ ಉಗುರಿನಷ್ಟು ಮುರಿದು ತಂದರು. ಅದನ್ನು ನಾಲ್ಕನೆಯ ಮೂಲೆಯಲ್ಲಿಟ್ಟು, ಮೇಲೆ ತ್ರಿಕೋನದ ಬಟ್ಟೆ ಮಡಚಿ ಹೊಲಿಯತೊಡಗಿದರು.

"ಇದು ಏನತ್ತಿ?"

"ಕೌದಿ ತುತ್ತು. ಇಷ್ಟು ಮಂದಿ ಅರಿವಿ ಕೂಡಿಸೀವಿ, ಅದಕ್ಕೊಂದು ತುತ್ತು ಹಾಕಬ್ಯಾಡೇನ? ಹಸದ ಕೌದಿ ಕೂಸಿನ ಮ್ಯಾಲ ಹೊಚ್ಚಬಾರ್ದು. ಒಮ್ಮಿ ಮುಚ್ಚಿದ ಮ್ಯಾಲ ಯಾರೂ ಬಿಚ್ಚಂಗಿಲ್ಲ."

ಆಮೇಲೆ ಸೂಜಿ ನಿಲ್ಲಿಸಿ ನನ್ನ ಮುಖ ನೋಡಿದರು. "ಇದು ಹೊರಗಿನ ಮಂದಿ ಮುಂದ ಆಡೋ ಮಾತಲ್ಲ. ನೀ ಎದುರಿಗಿದ್ದಿ ಅಂತ ಹೇಳೀನಿ."

ಅಂಥ ಕೌದಿಯನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಹುಡುಕಿಕೊಂಡು ಬಂದ ವಿಷಯವನ್ನಷ್ಟೇ ಹೇಳಿದೆ. ಕೊಡೋಣ ಎಂದವಳು ಭಾಗ್ಯಶ್ರೀ. "ಕೊಡವ್ವಾ, ಮೂರು ತಿಂಗಳಾ ಅಲ್ಲೇನು. ಹೈದರಾಬಾದಿನ ಮಂದಿ ಟಿಕೆಟ್ ತಗದು ನೋಡ್ತಾರಂತ. ನಿನ್ನ ಹೆಸರೂ ಹಾಕ್ತಾರಂತ."

"ನನ್ನ ಹೆಸರು ರೇಷನ್ ಕಾರ್ಡಿನಾಗ ಅದ, ಅಷ್ಟು ಸಾಕು" ಎಂದರು ಶರಣಮ್ಮ. ಆದರೆ ಮಗಳ ಮುಖದಲ್ಲಿ ಬಹಳ ದಿನದ ಮೇಲೆ ಕಂಡ ಉತ್ಸಾಹಕ್ಕೆ ಇಲ್ಲವೆನ್ನಲು ಅವರಿಂದ ಆಗಲಿಲ್ಲ. "ಮೂರು ತಿಂಗಳಿಗಿ ಬರಬೇಕು ನೋಡು. ಹ್ಯಾಂಗ ಹೋಗ್ತದೋ ಹಂಗೇ ಬರಬೇಕು."

ಹಾಗೆಯೇ ಬರುತ್ತದೆ ಎಂದೆ. ಇಂಗ್ಲಿಷ್ ಫಾರ್ಮು ತುಂಬಿ, ಜೊತೆಗೆ ಕನ್ನಡದಲ್ಲಿ ಹಾಳೆ ಬರೆದೆ. ಮೂರು ತಿಂಗಳ ಮಟ್ಟಿಗೆ ಎರವಲು, ತೊಟ್ಟಿಲ ಶಾಸ್ತ್ರಕ್ಕೆ ಮೊದಲು ವಾಪಸ್, ಹೊಲಿದವರ ಹೆಸರು ಶರಣಮ್ಮ. ಇಬ್ಬರೂ ರುಜು ಹಾಕಿದೆವು. ಕೌದಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಸೇಡಮಿನಲ್ಲಿ ರೈಲು ಹತ್ತಿದೆ. ತಾಂಡೂರು ದಾಟುವವರೆಗೂ ಅದನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಮ್ಯೂಸಿಯಮ್ಮಿಗೆ ಬಂದ ಪ್ರತಿ ವಸ್ತುವಿಗೂ ಸ್ಥಿತಿ ವರದಿ ಬರೆಯಬೇಕು. ಅಳತೆ, ಬಣ್ಣ, ಹರಕು, ಕಲೆ. ಕೊನೆಯ ಕಾಲಂ, ಒಳಗೆ ಜೈವಿಕ ವಸ್ತು ಇದೆಯೇ ಎಂಬುದು. ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಇದೆ, ನಾಲ್ಕನೆಯ ಮೂಲೆಯಲ್ಲಿ, ಜೋಳದ ರೊಟ್ಟಿಯ ಚೂರು ಎಂದು ತುಂಬಿದೆ. ಎಷ್ಟು ದೊಡ್ಡದು ಎಂಬುದನ್ನೂ ಬರೆದೆ. ಈ ಕೆಲಸಕ್ಕೆ ಬರುವವರೇ, ನನ್ನ ಏಳು ವರ್ಷಗಳಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ಇದು. ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಬಟ್ಟೆಯಲ್ಲಿ ತಿನ್ನುವ ಪದಾರ್ಥವಿದ್ದರೆ ಹುಳು ಬರುತ್ತದೆ, ಒಂದು ಹುಳು ಇಡೀ ಸಂಗ್ರಹಕ್ಕೆ ಹರಡುತ್ತದೆ ಎಂಬ ಭಯ ಮ್ಯೂಸಿಯಂಗಳಲ್ಲಿ ಸದಾ ಇರುತ್ತದೆ. ಭಯ ಸುಳ್ಳಲ್ಲ. ಬಿಚ್ಚದೆಯೇ ಅದಕ್ಕೆ ಪರಿಹಾರವೂ ಇದೆ. ವಸ್ತುವನ್ನು ಚೀಲದಲ್ಲಿ ಮುಚ್ಚಿ ಕೆಲವು ವಾರ ಶೈತ್ಯಪೆಟ್ಟಿಗೆಯಲ್ಲಿಟ್ಟರೆ ಹುಳುವೂ ಮೊಟ್ಟೆಯೂ ಸಾಯುತ್ತವೆ. ಹಾಗೆ ಮಾಡಿ ಎಂದು ವರದಿಯ ಕೆಳಗೆ ನಾನೇ ಬರೆದಿದ್ದೆ. ಮರುದಿನ ಚಿಂಚೋಳಿಗೆ ಬೇರೊಂದು ವಸ್ತು ತರಲು ಹೋದೆ. ಅಲ್ಲಿಂದ ಮನೆಗೆ ಬಂದವಳು ಜ್ವರ ಹತ್ತಿ ಎರಡು ವಾರ ವಾಡಿಯಲ್ಲಿಯೇ ಉಳಿದೆ. ವಾಪಸ್ ಹೋದದ್ದು ಪ್ರದರ್ಶನ ಉದ್ಘಾಟನೆಯಾಗುವ ದಿನ.

ಕೌದಿಯನ್ನು ಸಭಾಂಗಣದ ನಡುವಿನ ಗೋಡೆಗೆ ಬಿಗಿದಿದ್ದರು. ಮೇಲಿನಿಂದ ಬೆಳಕು ಬಿಟ್ಟಿದ್ದರು. ಪಕ್ಕದ ಗೋಡೆಯಲ್ಲಿ ನಗರದ ಕಲಾವಿದರೊಬ್ಬರು ಕೌದಿಗಳಿಂದ ಪ್ರೇರಣೆ ಪಡೆದು ಮಾಡಿದ ಪ್ಲಾಸ್ಟಿಕ್ ಹಾಳೆಗಳ ಕೃತಿ ಇತ್ತು. ಅದರ ಕೆಳಗೆ ಅವರ ಹೆಸರು, ಹುಟ್ಟಿದ ಊರು, ಓದಿದ ಶಾಲೆ, ಪಡೆದ ಪ್ರಶಸ್ತಿ. ಕೌದಿಯ ಕೆಳಗೆ ಹೀಗಿತ್ತು: ಹೊದಿಕೆ, ಹತ್ತಿ ಬಟ್ಟೆ ಮತ್ತು ನೂಲು, ದಖ್ಖನ್, ಮಾಡಿದವರು ಅಜ್ಞಾತ.

ಮೇಡಂ ಅತಿಥಿಗಳ ನಡುವೆ ಇದ್ದರು. ನಾನು ಕಾದು ನಿಂತು ಕೇಳಿದೆ. ಹೆಸರು ಕಡತದಲ್ಲಿದೆಯಲ್ಲ ಎಂದೆ. ಅವರು ನನ್ನ ಭುಜದ ಮೇಲೆ ಕೈಯಿಟ್ಟು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು. ಇದು ಒಬ್ಬರ ಕೃತಿ ಅಲ್ಲ, ಒಂದು ಪರಂಪರೆಯದು. ಹೆಸರು ಹಾಕಿದರೆ ಅದು ಚಿಕ್ಕದಾಗಿಬಿಡುತ್ತದೆ.

ಪ್ಲಾಸ್ಟಿಕ್ ಹಾಳೆಗಳವರಿಗೆ ಹೆಸರು ಹಾಕಿದರೆ ಚಿಕ್ಕದಾಗುವುದಿಲ್ಲವೇ ಎಂದು ಆಗಲೇ ಕೇಳಬೇಕಿತ್ತು. ಕೇಳಲಿಲ್ಲ. ಇದನ್ನು ಬರೆಯುವಾಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಆಮೇಲೆ ಸಂರಕ್ಷಣಾ ವಿಭಾಗದ ರಾಘವ ನನ್ನನ್ನು ಪಕ್ಕಕ್ಕೆ ಕರೆದು, ಖುಷಿಯಿಂದಲೇ, ಮೂಲೆಯ ಸಮಸ್ಯೆ ಬಗೆಹರಿಯಿತು ಎಂದ. ಶೈತ್ಯಪೆಟ್ಟಿಗೆಯಲ್ಲಿಡಲು ದಿನಗಳಿರಲಿಲ್ಲ, ಉದ್ಘಾಟನೆ ಹತ್ತಿರ ಬಂದಿತ್ತು, ಮೇಡಂ ತೆಗೆದುಬಿಡು ಎಂದರು. ಎರಡು ಇಂಚು ಬಿಚ್ಚಿ, ಚೂರು ತೆಗೆದು, ತೆಳುವಾದ ರೇಷ್ಮೆ ದಾರದಲ್ಲಿ ಅದೇ ತೂತುಗಳಲ್ಲೇ ಹೊಲಿದಿದ್ದೇನೆ, ಭೂತಗನ್ನಡಿ ಹಿಡಿದು ನೋಡಿದರೂ ಗೊತ್ತಾಗುವುದಿಲ್ಲ ಎಂದ. ಚೂರು ಎಲ್ಲಿ ಎಂದು ಕೇಳಿದೆ. ಪರೀಕ್ಷೆಗೆ ಕಳಿಸಿದ್ದೆವು, ಅವರು ಎಸೆದಿರಬಹುದು ಎಂದ.

ನಾನು ಊರಿಗೆ ಫೋನ್ ಮಾಡಲಿಲ್ಲ. ಹೇಗೆ ಹೇಳುವುದು ಎಂದು ದಿನ ದೂಡಿದೆ.

ಆ ಸಭಾಂಗಣದ ಬಾಗಿಲಿಗೆ ಕಾವಲಿದ್ದವನು ಚಿಂಚೋಳಿ ಕಡೆಯ ಕಾಶಪ್ಪ. ನನ್ನನ್ನು ಅಕ್ಕೋರೆ ಎನ್ನುತ್ತಿದ್ದ. ಯಾರೂ ಇಲ್ಲದಾಗ ನೆಲವನ್ನು ಬೂಟಿನಿಂದ ತಟ್ಟಿ, "ಅಕ್ಕೋರೆ, ತುಳೀಲಿಕತ್ತಿದ್ದು ನಮ್ಮ ಶಹಾಬಾದಿ ಫರ್ಸಿ, ಗ್ವಾಡಿಗಿ ನೇತಾಕಿದ್ದು ನಮ್ಮ ಕೌದಿ. ನಾವು ಮಾತ್ರ ಬಾಗಲ್ದಾಗ. ನಮಗೂ ಒಂದು ಚೀಟಿ ಹಚ್ಚಿಬಿಡ್ರಿ, ಕಾವಲುಗಾರ, ದಖ್ಖನ್, ಅಜ್ಞಾತ ಅಂತ" ಎನ್ನುತ್ತಿದ್ದ. ಮ್ಯೂಸಿಯಂ ಬಗ್ಗೆ ನಾನು ಕೇಳಿದ ವಿಮರ್ಶೆಗಳಲ್ಲಿ ಅದೇ ಸರಿಯಾದದ್ದು.

ಉದ್ಘಾಟನೆಯಾಗಿ ಮೂರನೆಯ ವಾರ ಭಾಗ್ಯಶ್ರೀಯನ್ನು ದೊಡ್ಡ ಡಾಕ್ಟರಿಗೆ ತೋರಿಸಲು ತಾಯಿ ಮಗಳು ಹೈದರಾಬಾದಿಗೆ ಬಂದರು. ನನಗೆ ತಿಳಿಸದೆ, ಕೌದಿ ನೋಡೋಣವೆಂದು ಆಸ್ಪತ್ರೆಯಿಂದ ನೇರ ಮ್ಯೂಸಿಯಮ್ಮಿಗೆ ಬಂದು ಟಿಕೆಟ್ ತೆಗೆದು ಒಳಗೆ ಹೋದರು. ಕಾಶಪ್ಪ ಬಂದು ನನ್ನನ್ನು ಕರೆದ. "ಅಕ್ಕೋರೆ, ಜರಾ ಬರ್ರಿ. ಒಬ್ಬ ಆಯಿ ಹಗ್ಗ ದಾಟ್ಯಾಳ. ಮುಟ್ಟಬ್ಯಾಡ ಅಂದ್ರ, ನಾ ಹೊಲ್ದಿದ್ದು ನಾ ಮುಟ್ಟಬಾರ್ದೇನೋ ತಮ್ಮಾ ಅಂತ ನನಗೇ ಕೇಳ್ಲಿಕತ್ತಾಳ. ನಾ ಏನ್ ಹೇಳ್ಲಿ?"

ನಾನು ಓಡಿದೆ. ಶರಣಮ್ಮ ಗೋಡೆಗೆ ತಾಗಿ ನಿಂತಿದ್ದರು. ನಾಲ್ಕನೆಯ ಮೂಲೆ ಅವರ ಎರಡು ಬೆರಳುಗಳ ನಡುವೆ ಇತ್ತು. ಒಮ್ಮೆ ಹಿಚುಕಿದರು. ಬಿಟ್ಟು ಇನ್ನೊಮ್ಮೆ ಹಿಚುಕಿದರು. ಭಾಗ್ಯಶ್ರೀ ಫೋನಿನಲ್ಲಿ ಫೋಟೋ ತೆಗೆಯಲು ಹೊರಟವಳು ತಾಯಿಯ ಮುಖ ನೋಡಿ ಕೈ ಇಳಿಸಿದಳು.

"ಒಳಗ ಏನೂ ಇಲ್ಲ" ಎಂದರು ಶರಣಮ್ಮ. ಧ್ವನಿ ಏರಿಸಲಿಲ್ಲ. "ಯಾರ್ ಬಿಚ್ಚಿದ್ರು?"

ನಾನು ಎಲ್ಲವನ್ನೂ ಹೇಳಿದೆ. ಫಾರ್ಮಿನಲ್ಲಿ ನಾನು ಬರೆದದ್ದನ್ನೂ ಹೇಳಿದೆ.

"ನಾ ನಿನ್ನ ಕಿವ್ಯಾಗ ಹೇಳಿದ್ದೆ. ನೀ ಹೋಗಿ ಕಾಗದಕ್ಕ ಹೇಳಿದಿ."

"ತಪ್ಪಾತತ್ತಿ."

"ತಪ್ಪು ಆಮ್ಯಾಗ ನೋಡೂಣು. ಇಳಸು. ಹೊತ್ಕೊಂಡು ಹೋಗ್ತೀನಿ."

ಇಳಿಸುವ ಅಧಿಕಾರ ನನಗಿರಲಿಲ್ಲ. ಮೇಡಂ ಬಂದರು. ಬಹಳ ಗೌರವದಿಂದ ನಮಸ್ಕಾರ ಮಾಡಿ, ಚಹಾ ತರಿಸಿ, ನಿಮ್ಮ ಕೈಯಲ್ಲಿ ಅದ್ಭುತ ಕಲೆಯಿದೆ ಎಂದು ಹೇಳಲು ನನಗೆ ಹೇಳಿದರು. ನಾನು ಹೇಳಿದೆ. ಶರಣಮ್ಮ ಚಹಾ ಮುಟ್ಟಲಿಲ್ಲ. "ಆಕಿಗಿ ಕೇಳು, ನಾ ಯಾರು ಅಂತ ಗೊತ್ತಿಲ್ಲ ಅಂತ ಬರದೀರಿ. ಈಗ ಗೊತ್ತಾತೇನು?" ಭಾಗ್ಯಶ್ರೀಗೆ ಅಷ್ಟು ಇಂಗ್ಲಿಷ್ ಬರುತ್ತಿತ್ತು, ಚೀಟಿಯನ್ನು ಓದಿ ಹೇಳಿದ್ದಳು. ಮೇಡಂ ಮುಗುಳ್ನಕ್ಕು, ಪ್ರದರ್ಶನದ ನಡುವೆ ಇಳಿಸಲು ಆಗುವುದಿಲ್ಲ, ಮುಗಿದ ಮೇಲೆ ನೋಡೋಣ ಎಂದರು. ತಾಯಿ ಮಗಳು ಸಂಜೆಯ ರೈಲಿಗೆ ಹೋದರು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ನಡೆದ ಭಾಗ್ಯಶ್ರೀ ನನ್ನ ಕಡೆ ತಿರುಗಲಿಲ್ಲ. ಕೊಡೋಣವೆಂದು ಹಟ ಮಾಡಿದವಳು ತಾನೇ ಎಂಬುದು ಅವಳನ್ನು ಕಾಡುತ್ತಿತ್ತೆಂದು ಆಮೇಲೆ ಗೊತ್ತಾಯಿತು.

ನೋಡೋಣ ಎಂದರೇನು ಎಂದು ತಿಳಿಯಲು ನಾನು ತಂತ್ರಾಂಶ ತೆರೆದು ನೋಡಿದೆ. ಕೌದಿಯ ಮುಂದೆ ದಾನ ಎಂದಿತ್ತು. ನಾನು ಕಾಗದದ ಫಾರ್ಮಿನಲ್ಲಿ ಎರವಲು ಎಂದು ಗುರುತು ಹಾಕಿದ್ದೆ. ಅದನ್ನು ಕಂಪ್ಯೂಟರಿಗೆ ಏರಿಸಿದವರು ಆ ಚೌಕ ಒತ್ತಿರಲಿಲ್ಲ. ಒತ್ತದಿದ್ದರೆ ತಂತ್ರಾಂಶ ತಾನಾಗಿಯೇ ದಾನವೆಂದು ಬರೆದುಕೊಳ್ಳುತ್ತಿತ್ತು. ಯೋಚಿಸಿ ನೋಡಿ. ಯಾರೂ ಏನೂ ಹೇಳದಿದ್ದರೆ ವಸ್ತು ಮ್ಯೂಸಿಯಮ್ಮಿನದು ಎಂದು ಮೊದಲೇ ತೀರ್ಮಾನಿಸಿ ಇಟ್ಟ ಯಂತ್ರ ಅದು! ನಾನು ಮೇಡಂ ಮುಂದೆ ಮೂಲ ಫಾರ್ಮಿಟ್ಟೆ. ಒಮ್ಮೆ ಸಂಗ್ರಹಕ್ಕೆ ಸೇರಿದ್ದನ್ನು ತೆಗೆಯಲು ಟ್ರಸ್ಟಿಗಳ ಸಭೆ ಬೇಕು ಎಂದರು. ಸಭೆ ಯಾವಾಗ ಎಂದು ಕೇಳಿದರೆ ದಿನ ಇನ್ನೂ ಗೊತ್ತಾಗಿಲ್ಲ ಎಂದರು. ಪ್ರದರ್ಶನಕ್ಕೆ ಜನ ಹೆಚ್ಚು ಬರುತ್ತಿದ್ದಾರೆಂದು ಅಷ್ಟರಲ್ಲಿ ಇನ್ನೂ ಎರಡು ತಿಂಗಳು ಮುಂದುವರಿಸಿದರು. ಪತ್ರಿಕೆಗಳು ಈ ಋತುವಿನಲ್ಲಿ ನೋಡಲೇಬೇಕಾದ ಪ್ರದರ್ಶನ ಎಂದು ಬರೆದವು. ಎಲ್ಲ ಕಡೆಯೂ ಕೌದಿಯದೇ ಫೋಟೋ.

ನಾನು ಊರಿಗೆ ಹೋಗಿ ಶರಣಮ್ಮನ ಮನೆಯ ಗೋಡೆಯ ಮಾಡದಲ್ಲಿದ್ದ ಕನ್ನಡದ ಹಾಳೆ ಕೇಳಿದೆ. ಅವರು ತೆಗೆದು ಕೊಟ್ಟರು. ಅದರ ಪ್ರತಿಯನ್ನು ಇಂಗ್ಲಿಷ್ ಅನುವಾದದೊಂದಿಗೆ ಪ್ರತಿಯೊಬ್ಬ ಟ್ರಸ್ಟಿಗೂ ಅಂಚೆಯಲ್ಲಿ ಕಳಿಸಿದೆ. ಸಂಸ್ಥೆಯ ವಿಷಯವನ್ನು ಹೊರಗೆಳೆದೆನೆಂದು ನನಗೆ ನೋಟಿಸ್ ಬಂತು. ಟ್ರಸ್ಟಿಗಳೇ ಹೊರಗಿನವರು ಹೇಗಾಗುತ್ತಾರೆ ಎಂದು ಉತ್ತರ ಬರೆದೆ. ರಾಘವ ಕ್ಯಾಂಟೀನಿನಲ್ಲಿ ನನ್ನ ಎದುರು ಬಂದು ಕೂತು, ಒಂದು ಚೂರು ರೊಟ್ಟಿಗೆ ಇಷ್ಟೆಲ್ಲ ಬೇಕಾ ಎಂದ. ಇನ್ನೊಂದು ಚೂರು ಹಾಕಿ ಕೊಟ್ಟರೆ ಆಗುವುದಿಲ್ಲವೇ ಎಂದ. ಅವನು ಕೆಟ್ಟವನಲ್ಲ. ತನ್ನ ಕೆಲಸವನ್ನು ನಿಯಮದ ಪ್ರಕಾರ ಚೊಕ್ಕಟವಾಗಿ ಮಾಡಿದವನು. ಬಿಚ್ಚುವ ಮೊದಲು ಹೊಲಿದವರಿಗೆ ಒಂದು ಫೋನ್ ಮಾಡಬೇಕೆಂದು ಆ ಇಡೀ ನಿಯಮ ಪುಸ್ತಕದಲ್ಲಿ ಎಲ್ಲಿಯೂ ಇರಲಿಲ್ಲ, ಅಷ್ಟೇ. ಅಷ್ಟೇ ಎನ್ನುವುದಕ್ಕೇ ನನಗೆ ಈಗಲೂ ಸಿಟ್ಟು ಬರುತ್ತದೆ.

ಪ್ರದರ್ಶನ ಮುಗಿಯುವ ಹನ್ನೆರಡು ದಿನ ಮೊದಲು ಭಾಗ್ಯಶ್ರೀಗೆ ಹೆಣ್ಣು ಮಗು ಹುಟ್ಟಿತು. ಇಬ್ಬರೂ ಆರೋಗ್ಯವಾಗಿದ್ದರು. ಪ್ರದರ್ಶನ ಇನ್ನೂ ನಡೆದಿರುವಾಗಲೇ ತೊಟ್ಟಿಲ ಶಾಸ್ತ್ರವಾಯಿತು. ಸೇಡಂ ಪೇಟೆಯಿಂದ ತಂದ, ಕರಡಿಯ ಚಿತ್ರವಿದ್ದ ಹೊದಿಕೆಯನ್ನು ಮಗುವಿಗೆ ಹೊದಿಸಿದರೆಂದು ನನ್ನ ತಾಯಿ ಹೇಳಿದರು.

ಕೊನೆಗೂ ಟ್ರಸ್ಟಿಗಳು ಒಪ್ಪಿದರು. ತಪ್ಪಾಗಿದೆ ಎಂದಲ್ಲ, ಸದ್ಭಾವನೆಯಿಂದ ಹಿಂತಿರುಗಿಸುತ್ತೇವೆ ಎಂದು ಬರೆದರು. ಮೇಡಂ ಸ್ವತಃ ಹಳ್ಳಿಗೆ ಬಂದು ಶರಣಮ್ಮನಿಗೆ ಕೌದಿ ಒಪ್ಪಿಸುವ ಫೋಟೋ ಬೇಕೆಂದು ಪ್ರಚಾರ ವಿಭಾಗದವರು ಕೇಳಿದರು. ಅವರದೇ ಕೌದಿಯನ್ನು ಅವರಿಗೇ ಉಡುಗೊರೆ ಮಾಡುವ ಫೋಟೋ! ನಾನು ಆಗುವುದಿಲ್ಲ ಎಂದೆ. ಕೌದಿಯನ್ನು ನಾನೇ ಒಯ್ಯುತ್ತೇನೆಂದು ಬರೆದು, ಅದೇ ಕಾಗದದಲ್ಲಿ ರಾಜೀನಾಮೆಯನ್ನೂ ಕೊಟ್ಟೆ. ಹೊರಡುವ ದಿನ ಕಾಶಪ್ಪ ಗೇಟಿನವರೆಗೆ ಕೌದಿಯ ಗಂಟು ಹೊತ್ತುಕೊಂಡು ಬಂದ. "ಕೈಗವಸು ಇಲ್ದ ಮುಟ್ಲಿಕತ್ತೀನಿ ನೋಡ್ರಿ ಅಕ್ಕೋರೆ. ಕೌದಿ ಏನೂ ಅನ್ನವಲ್ದು" ಎಂದ.

ಶರಣಮ್ಮನ ಪಡಸಾಲೆಯಲ್ಲಿ ಗಂಟು ಬಿಚ್ಚಿದೆ. ತೊಟ್ಟಿಲು ಒಳಗಿನ ಕೋಣೆಯಲ್ಲಿತ್ತು. ಹೊಸ ರೊಟ್ಟಿಯ ಚೂರಿಟ್ಟು ಮೂಲೆ ಹೊಲಿಯುತ್ತಾರೆ, ಇವತ್ತೇ ಮಗುವಿಗೆ ಹೊದಿಸುತ್ತಾರೆ ಎಂದು ನಾನು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ರಾಘವ ಕ್ಯಾಂಟೀನಿನಲ್ಲಿ ಹೇಳಿದ್ದೂ ಇದೇ ಎಂದು ನನಗೆ ಹೊಳೆದಿರಲಿಲ್ಲ.

ಶರಣಮ್ಮ ಕಿಟಕಿಯ ಬೆಳಕಿಗೆ ಮೂಲೆ ಹಿಡಿದು ರಾಘವನ ಹೊಲಿಗೆಯನ್ನು ಒಂದೊಂದಾಗಿ ನೋಡಿದರು.

"ಕೈ ಛಲೋ ಅದ ಆ ಹುಡುಗಂದು. ಯಾರ ಮಗ? ನಮ್ಮ ಓಣ್ಯಾಗಿದ್ರ ಕೂಡ ಕುಂಡ್ರಿಸಿಕೊಂಡು ಹೊಲಸ್ತಿದ್ದೆ."

"ಅತ್ತಿ, ತುತ್ತು ಹಾಕಿ ಮತ್ತ ಹೊಲ್ದರ ಆಗ್ತದಿಲ್ಲ?"

"ಹ್ಯಾಂಗ ಆಗ್ತದವ್ವ? ಕಡೀ ತುತ್ತು ಅದು. ಎಲ್ಲಾ ಹೊಲ್ದು ಮುಗದ ಮ್ಯಾಲ ಹಾಕೋದು. ನಡುವ ತಗದು ನಡುವ ಹಾಕಿದ್ರ ತ್ಯಾಪಿ ಹಾಕ್ದಂಗ ಆತು, ಕೌದಿ ಆಗಲಿಲ್ಲ."

"ಮತ್ತ?"

ಅವರು ಒಳಗೆ ಹೋಗಿ ಎರಡು ಬ್ಲೇಡು ತಂದರು. ಒಂದನ್ನು ನನ್ನ ಕೈಯಲ್ಲಿಟ್ಟರು. "ಬಿಚ್ಚು."

ನನಗೆ ಅರ್ಥವಾಗಲಿಲ್ಲ.

"ಪೂರಾ ಬಿಚ್ಚು. ಎಲ್ಲಾ ತುಂಡೂ ಬ್ಯಾರೆ ಬ್ಯಾರೆ ಆಗಬೇಕು. ಮೊದ್ಲಿಂದ ಹೊಲ್ಯೂಣು."

ಬಟ್ಟೆಯ ಒಂದು ಎಳೆಯನ್ನೂ ಎಳೆಯಬಾರದು ಎಂಬುದು ನಾನು ಏಳು ವರ್ಷ ಕಲಿತ ಮೊದಲ ಪಾಠ. ಪತ್ರಿಕೆಗಳಲ್ಲಿ ಬಂದ, ನಗರವೇ ಸಾಲುಗಟ್ಟಿ ನೋಡಿದ ಕೌದಿ ಅದು. ಬ್ಲೇಡನ್ನು ನೆಲದ ಮೇಲಿಟ್ಟೆ. ಶರಣಮ್ಮ ನೋಡಿ ನಕ್ಕರು. "ಯಾಕ, ಮುಟ್ಟಬ್ಯಾಡ ಅಂತ ಯಾರರ ಹೇಳ್ಯಾರೇನು? ನಾ ಹೇಳ್ಲಿಕತ್ತೀನಿ, ಮುಟ್ಟು."

ರಾಘವನ ರೇಷ್ಮೆ ದಾರದಿಂದ ಶುರುಮಾಡಿದೆ. ಆಮೇಲೆ ಶರಣಮ್ಮನ ನೂಲು. ಪಕ್ಕದ ಮನೆಯ ಇಬ್ಬರು ಹೆಂಗಸರು ಬಂದು ಕೂತರು. ಭಾಗ್ಯಶ್ರೀ ಮಗುವಿಗೆ ಹಾಲು ಕುಡಿಸುತ್ತ ಬಾಗಿಲಲ್ಲಿ ಕೂತು, "ಅದು ನನ್ನ ಲಂಗ, ಹರೀಬ್ಯಾಡಕ್ಕಾ, ಏಳನೇತ್ತೆ ಫೇಲಾಗಿದ್ದು ಅದರಾಗೇ" ಎಂದಳು. ಮ್ಯೂಸಿಯಮ್ಮಿಗೆ ಬಂದು ಹೋದ ದಿನದ ನಂತರ ಅವಳು ನನ್ನ ಜೊತೆ ಆಡಿದ ಮೊದಲ ಮಾತು. ಹೊತ್ತು ಇಳಿಯುವುದರೊಳಗೆ ಕೌದಿ ಹೋಗಿ ಹಸಿರು, ಕುಸುಬೆ, ಬಿಳಿ, ನೀಲಿ ಬಟ್ಟೆಗಳ ನಾಲ್ಕು ಗುಡ್ಡೆಗಳಾದವು. ಮ್ಯೂಸಿಯಮ್ಮಿನ ಪುಸ್ತಕದಲ್ಲಿ ಅದರ ಫೋಟೋ ಇದೆ. ವಸ್ತು ಈಗ ಲೋಕದಲ್ಲಿಲ್ಲ.

"ನಾಳಿಗಿ ಬಾ" ಎಂದರು ಶರಣಮ್ಮ. "ಹೊಲ್ಯಾಕ ಕೈ ಕಮ್ಮಿ ಅವ. ಪೆನ್ನು ಮಾತ್ರ ಮನ್ಯಾಗ ಇಟ್ಟು ಬಾ."

ಇದನ್ನೆಲ್ಲ ಬರೆಯಲೇ ಎಂದು ಆಮೇಲೆ ಅವರನ್ನು ಕೇಳಿದೆ. ಹಳೆಯದರ ಸುದ್ದಿ ಹೇಗೂ ಊರೆಲ್ಲ ಆಗಿದೆ, ಅದನ್ನು ಬರೆದುಕೋ ಎಂದರು. ಹೊಸದರ ಬಗ್ಗೆ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹನ್ನೊಂದು ದಿನ ಹೋಗಿ ಕೂತೆ. ನನ್ನ ಹೊಲಿಗೆ ಸೊಟ್ಟಗೆ ಬಂತು, ಎರಡು ಸಲ ಬಿಚ್ಚಿಸಿದರು. ಕೊನೆಯ ದಿನ ನಾಲ್ಕನೆಯ ಮೂಲೆ ಮುಚ್ಚುವಾಗ ಶರಣಮ್ಮ ಒಳಗೆ ಹೋಗಿ ಮುಷ್ಟಿ ಕಟ್ಟಿಕೊಂಡು ಬಂದರು. ಅದರಲ್ಲಿ ಏನಿತ್ತೆಂದು ನಾನು ನೋಡಿದೆ. ಇಲ್ಲಿ ಬರೆಯುವುದಿಲ್ಲ.